ರೇಡಿಯೊ ಅಲೆಯ ಚಿಲ್ಲರೆ ಶಕ್ತಿ

ಮೊಬೈಲ್ ಟವರ್, ಟಿ.ವಿ. ಪ್ರಸಾರ ಕೇಂದ್ರ, ವೈ-ಫೈ ರೂಟರ್‌ಗಳು ಹಗಲಿರುಳೂ ಹೊಮ್ಮಿಸುವ ಅಲೆಗಳಲ್ಲಿ ನಮ್ಮ ಸಾಧನಗಳನ್ನು ಮುಟ್ಟುವುದು ತೀರ ಅಲ್ಪ ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಗೋಡೆ, ಮರ, ಮಣ್ಣಿನಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅದನ್ನು ಹಿಡಿದು ವಿದ್ಯುತ್ತಾಗಿಸುವ ಪ್ರಯತ್ನದ ಚರಿತ್ರೆಯನ್ನು ಹೆಚ್ಚು ಹೆಚ್ಚು ಶಕ್ತಿ ಬಾಚಿಕೊಂಡ ಕಥೆಯಾಗಿ ಹೇಳುವುದುಂಟು. ಆದರೆ ಅಂಕಿಅಂಶ ನೋಡಿದರೆ ಕಾಣುವುದೇ ಬೇರೆ: ಸಿಗುವ ಶಕ್ತಿ ಹೆಚ್ಚೇನೂ ಬೆಳೆಯಲಿಲ್ಲ, ಉಪಕರಣಗಳ ಹಸಿವು ಇಳಿಯಿತು. ಮೊದಲ ಉದಾಹರಣೆಯಾದ ಹರಳು ರೇಡಿಯೊದಲ್ಲೇ ಈ ಗುಟ್ಟಿತ್ತು. ಜಗದೀಶಚಂದ್ರ ಬೋಸರು 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಗೆಲೀನಾ ಶೋಧಕದ ಬಗೆಯ ಹರಳು, ಒಂದು ಉದ್ದ ತಂತಿ, ಕಿವಿಗಿಡುವ ಹೆಡ್‌ಫೋನು; ಬ್ಯಾಟರಿಯೇ ಇಲ್ಲ. ಪ್ರಸಾರ ಕೇಂದ್ರದ ಅಲೆಯೇ ಸದ್ದನ್ನೂ ಆ ಸದ್ದಿಗೆ ಬೇಕಾದ ವಿದ್ಯುತ್ತನ್ನೂ ಹೊತ್ತು ತರುತ್ತಿತ್ತು.

ನಡುವೆ ಕ್ಷೇತ್ರ ಬೇರೆ ದಾರಿ ಹಿಡಿಯಿತು. ಅಮೆರಿಕದ ರೇಥಿಯಾನ್ ಕಂಪನಿಯ ವಿಲಿಯಂ ಬ್ರೌನ್ 1964ರಲ್ಲಿ ಮೈಕ್ರೋವೇವ್ ಅಲೆಯಿಂದಲೇ ಪುಟ್ಟ ಹೆಲಿಕಾಪ್ಟರ್ ಹಾರಿಸಿ ತೋರಿಸಿದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಒಂದೂವರೆ ಕಿಲೋಮೀಟರಿನಾಚೆಗೆ 30 ಕಿಲೋವ್ಯಾಟ್‌ಗೂ ಹೆಚ್ಚು ವಿದ್ಯುತ್ತನ್ನು ಮುಟ್ಟಿಸಲಾಯಿತು. ಆದರೆ ಅದು ದೊಡ್ಡ ಡಿಶ್‌ನಿಂದ ಗುರಿಯಿಟ್ಟು ಕಳಿಸಿದ ಅಲೆ. ಗಾಳಿಯಲ್ಲಿ ಸುಮ್ಮನೆ ಹರಡಿಕೊಂಡ ಅಲೆಯ ಯೋಗ್ಯತೆ 2009ರಲ್ಲಿ ತಿಳಿಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರಾದ ಅಲನ್ಸನ್ ಸ್ಯಾಂಪಲ್ ಮತ್ತು ಜೋಶುವಾ ಸ್ಮಿತ್, 4.1 ಕಿ.ಮೀ. ದೂರದ ಟಿ.ವಿ. ಗೋಪುರದ ಕಡೆಗೆ ಆಂಟೆನಾ ತಿರುಗಿಸಿ, ಅಂಗಡಿಯಲ್ಲಿ ಸಿಗುವ ತಾಪ-ತೇವಾಂಶ ಮಾಪಕವೊಂದನ್ನು ನಡೆಸಿದರು. ಸಿಕ್ಕಿದ್ದು 60 ಮೈಕ್ರೊವ್ಯಾಟ್. ಗೋಪುರದ ಪರಿಣಾಮಕಾರಿ ಪ್ರಸಾರ ಸಾಮರ್ಥ್ಯ 960 ಕಿಲೋವ್ಯಾಟ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 270 ಭೂಗತ ರೈಲು ನಿಲ್ದಾಣಗಳ ಹೊರಗೆ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಟುವಾದದ್ದು. ಅತಿ ಪ್ರಬಲವಾಗಿದ್ದ 1800 ಮೆಗಾಹರ್ಟ್ಸ್ ಮೊಬೈಲ್ ಪಟ್ಟಿಯಲ್ಲಿ ಸರಾಸರಿ ಚದರ ಸೆಂಟಿಮೀಟರಿಗೆ 84 ನ್ಯಾನೊವ್ಯಾಟ್. ಎಲ್ಲರೂ ಆಸೆಯಿಂದ ನೋಡುವ ವೈ-ಫೈಯಲ್ಲಿ 0.18 ಮಾತ್ರ. ಫೋನಿನ ಬೆನ್ನು ಸುಮಾರು 100 ಚದರ ಸೆಂಟಿಮೀಟರ್, ಪರಿವರ್ತನೆಯಲ್ಲಿ ಉಳಿಯುವುದು ಶೇ. 40 ಎಂದು ಉದಾರವಾಗಿಯೇ ಹಿಡಿದರೂ ದಕ್ಕುವುದು 3.4 ಮೈಕ್ರೊವ್ಯಾಟ್. 4000 ಎಂಎಎಚ್ ಬ್ಯಾಟರಿ ಒಮ್ಮೆ ತುಂಬಲು 500 ವರ್ಷ ಬೇಕು! ಗಾಳಿಯಿಂದಲೇ ಫೋನ್ ಚಾರ್ಜ್ ಮಾಡುತ್ತೇವೆನ್ನುವ ಜಾಹೀರಾತುಗಳನ್ನು ಅಳೆಯಲು ಇಷ್ಟು ಸಾಕು. ಸರ್ಕ್ಯೂಟ್ ಸುಧಾರಿಸಿದರೆ ಸರಿಹೋಗದೇ ಎಂದು ಕೇಳಬಹುದು. ಶೇ. 40ನ್ನು ನೂರಕ್ಕೇ ಏರಿಸಿದರೂ ಲಾಭ ಎರಡೂವರೆ ಪಟ್ಟು, ಅಷ್ಟೆ. ಅದೂ ಸುಲಭವಲ್ಲ, ಅತಿ ದುರ್ಬಲ ಅಲೆಯಲ್ಲಿ, ಅದನ್ನು ವಿದ್ಯುತ್ತಾಗಿಸುವ ಡಯೋಡ್ ಪೂರ್ತಿ ತೆರೆದುಕೊಳ್ಳುವುದಿಲ್ಲ, ಒಳಬರುವ ಶಕ್ತಿ ಅರ್ಧವಾದರೆ ಹೊರಬರುವ ವಿದ್ಯುತ್ತು ಕಾಲುಭಾಗಕ್ಕಿಳಿಯುತ್ತದೆ. 2024ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ಮತ್ತು ಅದರ ಸಹಯೋಗಿಗಳು ತೋರಿಸಿದ ಕಾಂತೀಯ ಸ್ಪಿನ್ ರೆಕ್ಟಿಫೈಯರ್ ಈ ದೌರ್ಬಲ್ಯಕ್ಕೇ ಹುಡುಕಿದ ಮದ್ದು.

ನಿಜವಾದ ತಿರುವು ಬಂದದ್ದು ಖರ್ಚಿನ ಕಡೆಯಿಂದ. ಸೆನ್ಸರ್ ಒಂದರಲ್ಲಿ ಹೆಚ್ಚು ಶಕ್ತಿ ನುಂಗುವುದು ಸಾಮಾನ್ಯವಾಗಿ ಅದರ ಟ್ರಾನ್ಸ್‌ಮಿಟರ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ಯಾಮ್ ಗೊಲ್ಲಕೋಟ ಮತ್ತು ಸಂಗಡಿಗರು 2013ರಲ್ಲಿ ಅದನ್ನೇ ಕಿತ್ತುಹಾಕಿದರು. ಸಾಧನ ಸ್ವಂತ ಅಲೆ ಹುಟ್ಟಿಸುವುದಿಲ್ಲ, ಟಿ.ವಿ. ಅಲೆಯನ್ನು ಒಮ್ಮೆ ಪ್ರತಿಫಲಿಸಿ, ಒಮ್ಮೆ ಹೀರಿ, ಆ ವ್ಯತ್ಯಾಸವನ್ನೇ ಸೊನ್ನೆ-ಒಂದುಗಳಾಗಿ ಕಳಿಸುತ್ತದೆ. ಅದೇ ದಾರಿಯಲ್ಲಿ 2017ರಲ್ಲಿ ಅವರು ಬ್ಯಾಟರಿಯಿಲ್ಲದೆ ಮಾತಾಡುವ ಫೋನನ್ನು ಸುಮಾರು 3.5 ಮೈಕ್ರೊವ್ಯಾಟ್‌ನಲ್ಲಿ ನಡೆಸಿದರು. ಮೇಲೆ ಫೋನಿನ ಬೆನ್ನಿಗೆ ದಕ್ಕಿದ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಆ ಫೋನಿಗೆ ಅಲೆ ಒದಗಿಸಿದ್ದು ಹತ್ತು ಮೀಟರಿನೊಳಗಿದ್ದ, ಅದಕ್ಕೆಂದೇ ಕಟ್ಟಿದ ಕೇಂದ್ರ. ಬೀದಿಯ ಮೊಬೈಲ್ ಟವರಲ್ಲ.

ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು. ಕ್ಯಾಲ್ಕ್ಯುಲೇಟರಿನ ಸೌರಕೋಶ ಕೋಣೆಯ ಬೆಳಕಿನಲ್ಲೇ ಇದಕ್ಕಿಂತ ಎಷ್ಟೋ ಪಟ್ಟು ಕೊಡುತ್ತದಲ್ಲ ಎಂಬುದು ಒಂದು. ನಿಜ, ಬೆಳಕಿರುವಲ್ಲಿ ರೇಡಿಯೊ ಅಲೆ ಸೋಲುತ್ತದೆ. ಅದರ ಜಾಗ ರಟ್ಟಿನ ಪೆಟ್ಟಿಗೆಯೊಳಗೆ, ಗೋಡೆಯ ಹಿಂದೆ, ಕತ್ತಲ ಗೋದಾಮಿನಲ್ಲಿ. ಎರಡನೆಯದು ಹೆಚ್ಚು ಗಂಭೀರ: ಮೂಲವೇ ಬತ್ತುತ್ತಿದೆ. ದೂರದರ್ಶನದ ಬಹುತೇಕ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಬಂದ್ ಆಗಿವೆ. 5ಜಿ ಕೇಂದ್ರಗಳು ಬಳಕೆದಾರರತ್ತ ಕಿರಣ ತಿರುಗಿಸಿ, ಕೆಲಸವಿಲ್ಲದಾಗ ಆದಷ್ಟು ಸುಮ್ಮನಿರುವಂತೆ ರೂಪುಗೊಂಡಿವೆ. ಟವರ್ ವಿಕಿರಣಕ್ಕೆ ಭಾರತ 2012ರಿಂದ ಹಾಕಿರುವ ಮಿತಿ ಅಂತಾರಾಷ್ಟ್ರೀಯ ಮಾನದಂಡದ ಹತ್ತನೇ ಒಂದು ಭಾಗ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಬಿಟ್ಟಿ ಅಲೆಯನ್ನೇ ನಂಬಿದ ಉಪಕರಣ ಊರೂರಲ್ಲಿ ನೆಲೆಯೂರೀತೆಂದು ನನಗನ್ನಿಸುವುದಿಲ್ಲ.

ನೆಲೆಯೂರಿದ್ದು ಅದರ ಸೋದರ ತಂತ್ರ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೆ ಬ್ಯಾಟರಿ ಇಲ್ಲ. ಟೋಲ್‌ನ ರೀಡರ್ 865-867 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ಅಲೆಯಿಂದಲೇ ಚಿಪ್ ಎಚ್ಚೆತ್ತು, ಅದೇ ಅಲೆಯನ್ನು ಏರಿಳಿಸಿ ಪ್ರತಿಫಲಿಸಿ ತನ್ನ ಸಂಖ್ಯೆ ಹೇಳುತ್ತದೆ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ತನ್ನ 19ನೇ ಆವೃತ್ತಿಯಲ್ಲಿ ಸೇರಿಸಿಕೊಂಡಿರುವ ‘ಆ್ಯಂಬಿಯೆಂಟ್ ಐಒಟಿ’ಯ ಅತಿ ಸರಳ ಸಾಧನಕ್ಕೆ ಗುರಿಯಿಟ್ಟಿರುವ ಬಳಕೆ ಸುಮಾರು ಒಂದು ಮೈಕ್ರೊವ್ಯಾಟ್. ಹೆಸರಿನ ‘ಆ್ಯಂಬಿಯೆಂಟ್’ಗೆ ‘ಸುತ್ತಲಿನ’ ಎಂಬ ಅರ್ಥವಿದ್ದರೂ, ಆ ಸಾಧನ ಪ್ರತಿಫಲಿಸಬೇಕಾದ ಅಲೆಯನ್ನು ಜಾಲದ ಕೇಂದ್ರವೋ ಹತ್ತಿರದ ಇನ್ನೊಂದು ಸಾಧನವೋ ಬೇಕೆಂದೇ ಕಳಿಸಬೇಕು.