ಹೈದರಾಬಾದಿನ ಪ್ರವೇಶ ಪರೀಕ್ಷೆಗಳಲ್ಲಿ ಕನ್ನಡ: ಕೋಠಿಯ ಸುತ್ತಣ ಒಂದು ಶತಮಾನ

ವಿದ್ಯಾಲಯದ ಬಾಗಿಲಲ್ಲಿ ತಡೆದು ನಿಲ್ಲಿಸಿ, ಪರೀಕ್ಷಿಸಿ, ಅನಂತರ ಒಳಬಿಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹಳ ಹಳೆಯದಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ದೊರೆತ ಕ್ರಿ.ಶ. 1058ರ ಶಾಸನ ಅಲ್ಲಿಯ ಘಟಿಕಾಸ್ಥಾನದ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಎಣಿಸಿ ಹೇಳುತ್ತದೆ. ಪುಸ್ತಕಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಮರೆಯುವುದಿಲ್ಲ. ದತ್ತಿಯ ವಿನಿಯೋಗವೇ ಅದರ ವಿಷಯ. ಯಾರು ಓದಬೇಕೆಂಬುದನ್ನು ಹುಟ್ಟು ಮತ್ತು ದಾನಿಯ ಕೃಪೆಗಳು ಮೊದಲೇ ನಿಶ್ಚಯಿಸಿಬಿಟ್ಟಿದ್ದ ಕಾಲದಲ್ಲಿ ಬಾಗಿಲ ಪರೀಕ್ಷೆಯ ಅಗತ್ಯ ಬೀಳಲಿಲ್ಲ. ಅದು ಬಂದುದು 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳ ಜೊತೆಯಲ್ಲಿ. ಕಲ್ಕತ್ತದವರು ಅದನ್ನು 'ಎಂಟ್ರೆನ್ಸ್' ಎಂದೇ ಕರೆದರು; ಉಳಿದ ಕಡೆ ಅದು 'ಮೆಟ್ರಿಕ್ಯುಲೇಷನ್' ಆಯಿತು.

ಮಧ್ಯಕಾಲೀನ ಸಾಹಿತ್ಯವನ್ನು ವ್ಯಾಸಂಗ ಮಾಡಿದವರಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಪಂಪನನ್ನೋ ಶಾಸನವನ್ನೋ ಓದಲು ಮುಂದೆ ಯಾರಾದರೂ ಬರುವರೇ ಎಂಬುದು ಆಯಾ ಊರಿನ ಪ್ರೌಢಶಾಲೆಗಳಲ್ಲಿ ಹದಿನೈದರ ಪ್ರಾಯದ ಮಕ್ಕಳು ಯಾವ ಪರೀಕ್ಷೆಗೆ ಸಿದ್ಧರಾಗುತ್ತಾರೆಂಬುದನ್ನು ಅವಲಂಬಿಸಿದೆ. ಹೈದರಾಬಾದಿನ ಕನ್ನಡಿಗರ ಮಟ್ಟಿಗೆ ಈ ಸಿದ್ಧತೆಯ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಯ ಹಲವು ಪದರಗಳು ಕೋಠಿಯ ಸುತ್ತಮುತ್ತ ಕಾಲ್ನಡಿಗೆಯ ದೂರದಲ್ಲಿಯೇ ಇವೆ. ಕೋಠಿ ಎಂದರೆ ದೊಡ್ಡ ಬಂಗಲೆ. 1803ರಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಲು ತೊಡಗಿದ ಬ್ರಿಟಿಷ್ ರೆಸಿಡೆನ್ಸಿಯಿಂದ ಬಡಾವಣೆಗೆ ಈ ಹೆಸರು ಬಂದಿತು. ರೆಸಿಡೆನ್ಸಿಗೆ ಸೇರಿದ ಸುಲ್ತಾನ್ ಬಜಾರ್ 1933ರವರೆಗೆ ನಿಜಾಮರ ಅಧಿಕಾರಕ್ಕೆ ನೇರವಾಗಿ ಒಳಪಟ್ಟಿರಲಿಲ್ಲ. ನಗರದ ಬೇರೆಡೆ ಅನುಮತಿ ದೊರೆಯುವುದು ದುಸ್ತರವಾಗಿದ್ದ ದಿನಗಳಲ್ಲಿ ದೇಶಭಾಷೆಗಳ ಸಂಸ್ಥೆಗಳು ಈ ಆಸುಪಾಸಿನಲ್ಲಿಯೇ ಬೇರೂರಿದುದಕ್ಕೆ ಇದೂ ಒಂದು ಕಾರಣ. ತೆಲುಗರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ 1901ರಲ್ಲಿಯೂ, ಮರಾಠಿಗರ ವಿವೇಕವರ್ಧಿನಿ ಶಾಲೆ 1907ರಲ್ಲಿಯೂ ಆರಂಭವಾದುವು. ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆಗಳು ನೆರೆಯ ಕಾಚಿಗುಡದಲ್ಲಿ ತಲೆಯೆತ್ತಿದುವು. ರೆಸಿಡೆನ್ಸಿಯ ಕಟ್ಟಡಕ್ಕೆ 1949ರಲ್ಲಿ ಉಸ್ಮಾನಿಯಾದ ಮಹಿಳಾ ಕಾಲೇಜು ಬಂದಿತು. 1924ರಲ್ಲಿ ಹುಟ್ಟಿದ ಈ ಕಾಲೇಜು 2022ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಗಿ, ಈಗ ಚಾಕಲಿ ಐಲಮ್ಮನವರ ಹೆಸರನ್ನು ಹೊತ್ತಿದೆ. ಅದರ ಆಚೀಚಿನ ಪಾದಚಾರಿ ಮಾರ್ಗಗಳಲ್ಲಿ ಹಳೆಯ ಪುಸ್ತಕಗಳ ಸಾಲು. ಆ ಸಾಲಿನಲ್ಲಿ ಪ್ರವೇಶ ಪರೀಕ್ಷೆಯ ಪುಸ್ತಕಗಳದೇ ಸಿಂಹಪಾಲು.

ಹೈದರಾಬಾದ್ ಸಂಸ್ಥಾನದಲ್ಲಿ ಮೊದಲು ನೆಲೆಯೂರಿದುದು ಮದರಾಸಿನ ಮೆಟ್ರಿಕ್ಯುಲೇಷನ್. 1887ರಲ್ಲಿ ಸ್ಥಾಪಿತವಾದ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿ, 1947ರಲ್ಲಿ ಉಸ್ಮಾನಿಯಾಕ್ಕೆ ಸೇರುವವರೆಗೂ ಹಾಗೆಯೇ ಉಳಿಯಿತು. ಇಂಗ್ಲಿಷಿನಲ್ಲಿ ಉತ್ತರ ಬರೆಯಬಲ್ಲವರಿಗೆ ಮಾತ್ರ ತೆರೆಯುವ ಬಾಗಿಲು ಅದು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಿಂದ ಅಲ್ಲಿಗೆ ತಲುಪಿದವರು ವಿರಳ.

ನಿಜವಾದ ಪಲ್ಲಟ ಉಂಟಾದುದು ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ. ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿದ ಆ ಪ್ರಯೋಗವನ್ನು ನಾವು ಲಘುವಾಗಿ ಕಾಣಲಾಗದು. 1917ರಲ್ಲಿಯೇ ಭಾಷಾಂತರ ವಿಭಾಗವನ್ನು ತೆರೆದು ಭೌತಶಾಸ್ತ್ರದಿಂದ ನ್ಯಾಯಶಾಸ್ತ್ರದವರೆಗೆ ಗ್ರಂಥಗಳನ್ನು ಉರ್ದುವಿಗೆ ತರಲು ತೊಡಗಿದರು. 1918ರ ಫರ್ಮಾನಿನ ಅನಂತರ, 1919ರ ಆಗಸ್ಟಿನಲ್ಲಿ ಗನ್‌ಫೌಂಡ್ರಿಯ ಬಳಿ, ನಿಜಾಮ್ ಕಾಲೇಜಿನ ಪಕ್ಕದ ಕಟ್ಟಡದಲ್ಲಿ ಇಂಟರ್‌ಮೀಡಿಯೆಟ್ ತರಗತಿಗಳು ಪ್ರಾರಂಭವಾದುವು. ಅಲ್ಲಿಗೆ ಪ್ರವೇಶ ದೊರಕಿಸುವುದು ಉಸ್ಮಾನಿಯಾ ಮೆಟ್ರಿಕ್ಯುಲೇಷನ್. ಅದರ ಮಾಧ್ಯಮ ಉರ್ದು, ಇಂಗ್ಲಿಷ್ ಕಡ್ಡಾಯದ ಒಂದು ವಿಷಯ. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ನಾಲ್ಕನೆಯ ಒಂದು ಪಾಲು ಮರಾಠಿಗರು, ಎಂಟನೆಯ ಒಂದು ಪಾಲಿನಷ್ಟು ಕನ್ನಡಿಗರು. ಉರ್ದುವನ್ನು ಮನೆಮಾತಾಗಿ ಉಳ್ಳವರು ಕನ್ನಡಿಗರಿಗಿಂತಲೂ ಹೆಚ್ಚಾಗಿರಲಿಲ್ಲ. ದೇಶಭಾಷೆಯ ಪರವಾಗಿ ನಡೆದ ಪ್ರಯೋಗವೊಂದು ಹೀಗೆ ಬಹುಸಂಖ್ಯಾತ ದೇಶಭಾಷಿಕರಿಗೆ ಮತ್ತೊಂದು ಪರಭಾಷೆಯ ಪರೀಕ್ಷೆಯಾಗಿ ಪರಿಣಮಿಸಿತು.

ಕನ್ನಡ ಜಿಲ್ಲೆಯ ಹುಡುಗನಿಗೆ ಇದರ ಅರ್ಥವೇನೆಂದರೆ, ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಅಕ್ಷರ ತಿದ್ದಿ, ಅಂಕಗಣಿತವನ್ನೂ ಭೂಗೋಳವನ್ನೂ ಉರ್ದುವಿನಲ್ಲಿ ಕಲಿತು, ಮೇಲೆ ಇಂಗ್ಲಿಷನ್ನು ಬಾಯಿಪಾಠ ಮಾಡುವುದು. ಬಲದಿಂದ ಎಡಕ್ಕೊಂದು, ಎಡದಿಂದ ಬಲಕ್ಕೆರಡು, ಹೀಗೆ ಮೂರು ಲಿಪಿಗಳಲ್ಲಿ ಕೈ ಪಳಗಬೇಕಾಗಿತ್ತು. ಆ ತಲೆಮಾರಿನವರಿಂದ ನಾವು ಕೇಳಿಬಲ್ಲಂತೆ, ಲೆಕ್ಕ ಮಾಡುವಾಗ ಅವರ ತುಟಿಯಲ್ಲಿ ಕೊನೆಯವರೆಗೂ ಉಳಿದುದು ಉರ್ದು ಮಗ್ಗಿಯೇ. ಅನುಕೂಲವಿದ್ದವರು ಗಡಿ ದಾಟಿ ಧಾರವಾಡ, ಸೊಲ್ಲಾಪುರ, ಪುಣೆಗಳ ಕಡೆಗೆ ಹೋದುದೂ ಉಂಟು.

ಹಾಗಿದ್ದೂ ಆ ಪರೀಕ್ಷೆಯಲ್ಲಿ ಕನ್ನಡಕ್ಕೆ ಒಂದು ಮೂಲೆ ದೊರೆತಿದ್ದಿತು ಎಂಬುದನ್ನು ಮರೆಯುವಂತಿಲ್ಲ. ಮಾಧ್ಯಮವಾಗಿ ಅಲ್ಲ, ಭಾಷಾವಿಷಯವಾಗಿ. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಅದನ್ನು ತಿದ್ದುವ ಪರೀಕ್ಷಕ, ಆ ಪರೀಕ್ಷಕರನ್ನು ಒದಗಿಸುವ ಕಾಲೇಜು ವಿಭಾಗ ಇವೆಲ್ಲ ಆ ಒಂದು ಪತ್ರಿಕೆಯ ಬಾಲ ಹಿಡಿದು ಬಂದುವು. ಉಸ್ಮಾನಿಯಾದಲ್ಲಿ ಕನ್ನಡ ಬೋಧಿಸಿದ ಡಿ.ಕೆ. ಭೀಮಸೇನರಾಯರಂಥವರು ತರಗತಿಯ ಹೊರಗೂ ನಗರದ ಕನ್ನಡದ ಕೆಲಸಕ್ಕೆ ಆಸರೆಯಾದರು. 1907ರಿಂದ ನಡೆದುಬಂದ ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್ದರ್ದ್ ಶಾಲೆಗಳಂಥ ಖಾಸಗಿ ಸಂಸ್ಥೆಗಳೂ ತಮ್ಮ ಮಕ್ಕಳನ್ನು ಕೊನೆಗೆ ಈ ಪರೀಕ್ಷೆಗಳ ಮುಂದೆಯೇ ನಿಲ್ಲಿಸಬೇಕಾಗಿತ್ತು. ಕನ್ನಡ ಸಾಹಿತ್ಯ ಸಮ್ಮೇಳನ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸೇರಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಧ್ಯಕ್ಷರಿಬ್ಬರೂ ಉಪಾಧ್ಯಾಯ ವೃತ್ತಿಯಿಂದ ಬಂದವರೆಂಬುದು ಕಾಕತಾಳೀಯವಿರಬಹುದಾದರೂ ಗಮನಾರ್ಹ.

ಹೊರರಾಜ್ಯದ ಸಂಶೋಧಕರಿಗೆ ಇಲ್ಲಿ ಒಂದು ಮಾತು: ಆ ಕಾಲದ ಶಿಕ್ಷಣ ಇಲಾಖೆಯ ಕಾಗದಪತ್ರಗಳು ಬಹುಮಟ್ಟಿಗೆ ಉರ್ದುವಿನಲ್ಲಿವೆ, ಫಸಲಿ ವರ್ಷಗಳನ್ನು ಬಳಸುತ್ತವೆ. ಫಸಲಿಗೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ದೊರೆಯುತ್ತದೆ.

1948ರ ಸೈನಿಕ ಕಾರ್ಯಾಚರಣೆಯ ಬಳಿಕ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. 1956ರಲ್ಲಿ ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಓದಿಗಾಗಿಯೋ ನೌಕರಿಗಾಗಿಯೋ ರಾಜಧಾನಿಗೆ ಬಂದು ಅಲ್ಲಿಯೇ ಉಳಿದ ಕನ್ನಡಿಗರು ಒಂದೇ ದಿನದಲ್ಲಿ ಹೊರನಾಡಿನವರಾದರು. ಆದರೂ ಹತ್ತನೆಯ ತರಗತಿಯ ಪರೀಕ್ಷೆಯನ್ನು ಅಲ್ಪಸಂಖ್ಯಾತ ಭಾಷೆಯಾದ ಕನ್ನಡದ ಮಾಧ್ಯಮದಲ್ಲಿ ಬರೆಯುವ ಅವಕಾಶ ಆಂಧ್ರಪ್ರದೇಶದಲ್ಲಿ ಉಳಿದುಬಂದಿತು. 1971ರ ಶಾಸನದಿಂದ ರೂಪುಗೊಂಡ ಇಂಟರ್‌ಮೀಡಿಯೆಟ್ ಮಂಡಲಿಯೂ ಕನ್ನಡವನ್ನು ದ್ವಿತೀಯ ಭಾಷೆಗಳ ಪಟ್ಟಿಯಲ್ಲಿ ಇರಿಸಿಕೊಂಡಿತು. ಅಂದರೆ, ಆ ಮೂಲೆ ಹಾಗೆಯೇ ಉಳಿಯಿತು.

ಆ ಮೂಲೆಯೂ ಬರಿದಾದುದು 1980ರ ದಶಕದಲ್ಲಿ. ಕ್ಯಾಪಿಟೇಶನ್ ಶುಲ್ಕದ ಹಾವಳಿಯನ್ನು ತಡೆಯಲು ಆಂಧ್ರಪ್ರದೇಶ 1983ರಲ್ಲಿಯೂ ಕರ್ನಾಟಕ 1984ರಲ್ಲಿಯೂ ಶಾಸನಗಳನ್ನು ಮಾಡಿದುವು. ಅಂಕಪಟ್ಟಿಗಳ ಏರುಪೇರನ್ನು ನಂಬದೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದು ನ್ಯಾಯವೆಂಬ ಅಭಿಪ್ರಾಯ ಬಲವಾಯಿತು. 1986ರಿಂದ ಆಂಧ್ರದಲ್ಲಿ ಎಂಸೆಟ್ ನಡೆಯಿತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಬೆನ್ನಲ್ಲೇ, 1994ರಲ್ಲಿ, ಕರ್ನಾಟಕದಲ್ಲಿ ಸಿ.ಇ.ಟಿ. ಘಟಕ ಸ್ಥಾಪನೆಯಾಯಿತು. ಹಣವಿಲ್ಲದ ಮನೆಯ ಎಷ್ಟೋ ಮಕ್ಕಳು ಈ ಬಾಗಿಲಿನಿಂದಲೇ ವೈದ್ಯರೂ ಎಂಜಿನಿಯರುಗಳೂ ಆದರು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಈ ಹೊಸ ಪರೀಕ್ಷೆಯ ಸ್ವರೂಪ ಬೇರೆ. ಮೆಟ್ರಿಕ್ಯುಲೇಷನ್ ಶಾಲೆಯ ಓದಿನ ಕೊನೆಯೂ ಹೌದು, ಕಾಲೇಜಿನ ಮೊದಲೂ ಹೌದು. ಭಾಷಾಪತ್ರಿಕೆಯಲ್ಲಿ ನಪಾಸಾದವನಿಗೆ ಒಳಗೆ ಪ್ರವೇಶವಿರಲಿಲ್ಲ. ಎಂಸೆಟ್‌ನ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಗಣಿತದ 80, ಭೌತಶಾಸ್ತ್ರದ 40, ರಸಾಯನಶಾಸ್ತ್ರದ 40 ಪ್ರಶ್ನೆಗಳು. ಒಟ್ಟು 160ಕ್ಕೆ ಮೂರು ಗಂಟೆ, ಒಂದಕ್ಕೆ ಒಂದು ನಿಮಿಷ ಏಳು ಸೆಕೆಂಡು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದಷ್ಟೇ ಅಭ್ಯರ್ಥಿಯ ಕೆಲಸ. ಯಾವ ಭಾಷೆಯಲ್ಲಿಯೂ ಒಂದು ವಾಕ್ಯ ಬರೆಯಬೇಕಾಗಿಲ್ಲ. ಉರ್ದು ಮೆಟ್ರಿಕ್ಯುಲೇಷನ್ನು ಕನ್ನಡವನ್ನು ಪಕ್ಕಕ್ಕೆ ಸರಿಸಿತು; ಗುರುತು ಹಾಕುವ ಪರೀಕ್ಷೆ ಎಲ್ಲ ಭಾಷೆಗಳನ್ನೂ ಲೆಕ್ಕದಿಂದಲೇ ತೆಗೆದುಹಾಕಿತು. ಹೈದರಾಬಾದಿನ ಕನ್ನಡಕ್ಕೆ ಆದ ನಷ್ಟವನ್ನು ನಿಜಾಮರ ಕಾಲದ ಲೆಕ್ಕಕ್ಕೇ ಬರೆದು ಸುಮ್ಮನಾಗುವ ರೂಢಿಯಿದೆ. ಎರಡನೆಯ ಹೊಡೆತವೇ ಹೆಚ್ಚು ಆಳವಾದುದೆಂದು ನಮ್ಮ ಅಭಿಪ್ರಾಯ.

ಇದರ ಪರಿಣಾಮ ಕೆಳಗಿನ ತರಗತಿಗಳಿಗೂ ಇಳಿಯಿತು. ನಲ್ಲಕುಂಟದಲ್ಲಿ ಚುಕ್ಕಾ ರಾಮಯ್ಯನವರು ನಡೆಸಿದ ಐ.ಐ.ಟಿ. ತರಬೇತಿಗೆ ಸೇರಲಿಕ್ಕೇ ಒಂದು ಪ್ರವೇಶ ಪರೀಕ್ಷೆಯಿದ್ದು, ಆ ಪರೀಕ್ಷೆಗೂ ಮಕ್ಕಳು ತರಬೇತಿ ಪಡೆಯುತ್ತಿದ್ದುದು ನಗರದಲ್ಲಿ ಮನೆಮಾತು. ವಸತಿ ಕಾಲೇಜುಗಳು ಬೆಳೆದಂತೆ ಎಂಟನೆಯ ತರಗತಿಯಿಂದಲೇ 'ಫೌಂಡೇಶನ್' ಎಂಬ ಹೆಸರಿನ ಪಾಠಗಳು ಮೊದಲಾದುವು. ಇಂಟರ್‌ಮೀಡಿಯೆಟ್‌ನಲ್ಲಿ ದ್ವಿತೀಯ ಭಾಷೆ ಕಡ್ಡಾಯ. ಅದಕ್ಕೂ ಒಂದು ಉಪಾಯ ಕಂಡುಕೊಂಡರು. ಸಂಸ್ಕೃತದಲ್ಲಿ ಅಂಕ ಸುಲಭ, ಉತ್ತರವನ್ನು ದೇವನಾಗರಿಯಲ್ಲಿಯೇ ಬರೆಯಬೇಕೆಂಬ ನಿರ್ಬಂಧವೂ ಇಲ್ಲ. ತತ್ಪರಿಣಾಮವಾಗಿ ತೆಲುಗು ಮನೆಯ ಮಕ್ಕಳು ತೆಲುಗನ್ನೂ, ಕನ್ನಡ ಮನೆಯ ಮಕ್ಕಳು ಕನ್ನಡವನ್ನೂ ಬಿಟ್ಟು, ಲಿಪಿಯರಿಯದ ಸಂಸ್ಕೃತ ವಿದ್ಯಾರ್ಥಿಗಳಾದರು. ಸಂಸ್ಕೃತಕ್ಕೆ ಇದರಿಂದ ಲಾಭವಾಯಿತೆಂದು ಸಂಸ್ಕೃತದ ಅಧ್ಯಾಪಕರೂ ಹೇಳಲಾರರು. ಕೋಠಿಯ ಹಳೆಯ ಪುಸ್ತಕದ ಸಾಲಿನಲ್ಲಿ ತೆಲುಗು ಅಕಾಡೆಮಿಯ ಪಠ್ಯಗಳನ್ನೂ ಇಂಗ್ಲಿಷಿನ ಪ್ರಶ್ನಕೋಶಗಳನ್ನೂ ಉರ್ದು ಪುಸ್ತಕಗಳನ್ನೂ ನಾವು ಕಂಡಿದ್ದೇವೆ. ಕನ್ನಡದಲ್ಲಿ ಬರೆದ ಒಂದು ಭೌತಶಾಸ್ತ್ರ ನಮಗೆ ಇದುವರೆಗೆ ಸಿಕ್ಕಿಲ್ಲ.

ಸ್ಥಾನಿಕತೆಯ ನಿಯಮಗಳನ್ನೂ ಇಲ್ಲಿ ಗಮನಿಸಬೇಕು. ಸಂವಿಧಾನದ 371ಡಿ ವಿಧಿಯನ್ವಯ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶ ನೂರಕ್ಕೆ 85 ಸ್ಥಾನಗಳನ್ನು ಸ್ಥಾನಿಕರಿಗೆ ಮೀಸಲಿಟ್ಟಿತು. ಸ್ಥಾನಿಕತೆಗೆ ಮುಖ್ಯ ಆಧಾರ ಆ ಪ್ರದೇಶದಲ್ಲಿ ಸತತ ನಾಲ್ಕು ವರ್ಷ ಓದಿರುವುದು, ಮನೆಮಾತಲ್ಲ. 2012ರ ತಿದ್ದುಪಡಿಯಿಂದ ಬಂದ 371ಜೆ ಕಲಬುರಗಿ, ಬೀದರ, ರಾಯಚೂರು ಮೊದಲಾದ ಜಿಲ್ಲೆಗಳಿಗೆ ಅಂಥದೇ ರಕ್ಷಣೆ ನೀಡಿ, ಆ ಪ್ರದೇಶದ ಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳನ್ನು ಅಲ್ಲಿಯವರಿಗೆ ಒದಗಿಸಿತು. ಒಂದೇ ಸಂಸ್ಥಾನದ ಕನ್ನಡಿಗರು ಹೀಗೆ ಎರಡು ವಿಧಿಗಳಲ್ಲಿ ಹಂಚಿಹೋದರು.

ಈಚೆಗೆ ಕನ್ನಡ ಪ್ರಶ್ನೆಪತ್ರಿಕೆಯ ಭಾಷೆಯಾಗಿ ಬಂದಿದೆ. 2017ರಲ್ಲಿ ವೈದ್ಯಕೀಯ ಶಿಕ್ಷಣದ ನೀಟ್, 2021ರಲ್ಲಿ ಜೆ.ಇ.ಇ. ಮೇನ್ ಕನ್ನಡದಲ್ಲಿ ದೊರೆಯತೊಡಗಿದುವು. ಶತಮಾನದ ಹಿಂದೆ ಯಾರೂ ಊಹಿಸದ ಸೌಲಭ್ಯ ಇದು. ಆದರೆ ನೀಟ್ ನಿಯಮಗಳ ಪ್ರಕಾರ ಕನ್ನಡದ ಪ್ರಶ್ನೆಪುಸ್ತಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. 2018ರಲ್ಲಿ ಸೇರ್ಪಡೆಯಾದ ಉರ್ದು ಹಾಗಲ್ಲ. ಅದು ದೇಶದ ಎಲ್ಲ ಕೇಂದ್ರಗಳಲ್ಲಿಯೂ ಲಭ್ಯ. ಕೋಠಿಯ ಕನ್ನಡ ಮನೆಯ ಹುಡುಗಿ ಕನ್ನಡದಲ್ಲಿ ಪ್ರಶ್ನೆಗಳನ್ನು ಓದಬಯಸಿದರೆ ಕಲಬುರಗಿಗೋ ಇನ್ನಾವ ಕರ್ನಾಟಕದ ಊರಿಗೋ ಹೋಗಬೇಕು. ಹೋದರೂ ಆಕೆ ಹನ್ನೊಂದು, ಹನ್ನೆರಡನೆಯ ತರಗತಿಗಳ ವಿಜ್ಞಾನವನ್ನು ಕನ್ನಡದಲ್ಲಿ ಕಲಿತಿರುವುದಿಲ್ಲ.

ಕನ್ನಡವನ್ನು ಕನ್ನಡವೆಂದೇ ಕೇಳುವ ಪರೀಕ್ಷೆ ಈ ಮಕ್ಕಳ ಪಾಲಿಗೆ ಒಂದು ಉಳಿದಿದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಹೊರನಾಡು ಹಾಗೂ ಗಡಿನಾಡು ಕನ್ನಡಿಗರೆಂದು ಸ್ಥಾನ ಕೋರುವವರಿಗೆ ಪ್ರತ್ಯೇಕವಾಗಿ ನಡೆಸುವ ಕನ್ನಡ ಭಾಷಾ ಪರೀಕ್ಷೆ ಅದು: 50 ಅಂಕ, ಒಂದು ಗಂಟೆ, ಪ್ರಾಥಮಿಕ ಶಾಲೆಯ ಮಟ್ಟ. ಕರ್ನಾಟಕದೊಳಗೆ ಓದಿದವರಿಗೆ ಇದರ ಗೊಡವೆಯಿಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಅಂಕಕ್ಕಾಗಿ ಸಂಸ್ಕೃತ ಓದಿದ ಹದಿನೇಳರ ಮಕ್ಕಳಿಗೆ, ಪರೀಕ್ಷೆಗೆ ಇನ್ನು ಕೆಲವೇ ವಾರಗಳಿವೆ ಎನ್ನುವಾಗ, ಮನೆಯ ಹಿರಿಯರು ಸಂಜೆಯ ಹೊತ್ತು ಕೂಡಿಸಿಕೊಂಡು ಒತ್ತಕ್ಷರ ತಿದ್ದಿಸುತ್ತಿರುವುದನ್ನು ಈ ನಗರದ ಹಲವು ಕನ್ನಡ ಮನೆಗಳಲ್ಲಿ ನಾವು ಕಂಡಿದ್ದೇವೆ.