ಚಿಪ್ ಹಾಕುವ ಮೊಹರು

ಕಂಪ್ಯೂಟರಿನೊಳಗೆ ನಡೆಯುವ ಲೆಕ್ಕವನ್ನು ಅದರ ಒಡೆಯನೂ ಇಣುಕಿ ನೋಡದಂತೆ, ತಿದ್ದದಂತೆ ಕಾಯುವ ಯಂತ್ರಾಂಶದ ಚರಿತ್ರೆ ಶುರುವಾಗುವುದು ಬ್ಯಾಂಕುಗಳಿಂದ. 1970ರ ದಶಕದ ಆರಂಭದಲ್ಲಿ ಹಣ ಕೊಡುವ ಯಂತ್ರಗಳು ಹರಡತೊಡಗಿದಾಗ, ಗ್ರಾಹಕರ ಪಿನ್ ಸಂಖ್ಯೆಯನ್ನು ಬ್ಯಾಂಕಿನ ನೌಕರರಿಂದಲೇ ಬಚ್ಚಿಡಬೇಕಾಯಿತು. ಇದಕ್ಕೆ ದಾರಿ ತೋರಿಸಿದವರು ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಂಜಿನಿಯರ್ ಮೊಹಮದ್ ಅಟಾಲಾ. 1959ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡಾವೊನ್ ಕಾಂಗ್ ಅವರೊಂದಿಗೆ ಮಾಸ್ಫೆಟ್ ಟ್ರಾನ್ಸಿಸ್ಟರನ್ನು ರೂಪಿಸಿದ್ದವರೂ ಇವರೇ. 1972ರಲ್ಲಿ ತಮ್ಮದೇ ಕಂಪನಿ ಕಟ್ಟಿ, ಪಿನ್ ಪರಿಶೀಲಿಸುವ ಕೆಲಸವನ್ನು ಒಂದು ಮುಚ್ಚಿದ ಪೆಟ್ಟಿಗೆಗೆ ಒಪ್ಪಿಸಿದರು. ಗುಪ್ತ ಕೀಲಿ ಆ ಪೆಟ್ಟಿಗೆಯಿಂದ ಆಚೆ ಬರುತ್ತಿರಲಿಲ್ಲ. ಬರುತ್ತಿದ್ದುದು ಉತ್ತರ ಮಾತ್ರ. ಇಂದು ಎಚ್‌ಎಸ್‌ಎಂ ಎಂದು ಕರೆಯುವ ಭದ್ರತಾ ಯಂತ್ರಗಳೆಲ್ಲ ಅದೇ ವಂಶದವು.

ಅದೇ ತತ್ವವನ್ನು ಜೇಬಿಗೆ ತಂದದ್ದು ಚಿಪ್ ಕಾರ್ಡ್. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1992ರ ಹೊತ್ತಿಗೆ ಆ ದೇಶದ ಬ್ಯಾಂಕ್ ಕಾರ್ಡುಗಳೆಲ್ಲ ಚಿಪ್‌ಗೆ ಬದಲಾಗಿದ್ದವು. ಭಾರತದಲ್ಲಿ ಕಪ್ಪು ಕಾಂತಪಟ್ಟಿಯ ಹಳೆಯ ಕಾರ್ಡುಗಳ ಬದಲಾವಣೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ಗಡುವು 2018ರ ಕೊನೆ. ಗ್ರಾಮ ಪಂಚಾಯಿತಿಯ ಪಿಡಿಒ ಹಣ ಪಾವತಿಗೆ ಕಂಪ್ಯೂಟರಿಗೆ ಚುಚ್ಚುವ ಡಿಜಿಟಲ್ ಸಹಿಯ (ಡಿಎಸ್‌ಸಿ) ಡಾಂಗಲ್ ಕೂಡ ಇದೇ ಬಗೆಯ ಸಾಧನ. ಸಹಿಯ ಕೀಲಿ ಡಾಂಗಲ್‌ನ ಚಿಪ್‌ನಲ್ಲೇ ಉಳಿಯುತ್ತದೆ, ಕಂಪ್ಯೂಟರಿಗೆ ಅದು ಸಿಗುವುದಿಲ್ಲ.

ಮುಚ್ಚಿದ ಪೆಟ್ಟಿಗೆಯ ಕಲ್ಪನೆ ಅತ್ಯಂತ ಎತ್ತರಕ್ಕೆ ಏರಿದ್ದು ಐಬಿಎಂ 4758ರಲ್ಲಿ. 1998ರಲ್ಲಿ ಅದು ಅಮೆರಿಕ ಸರ್ಕಾರದ ಫಿಪ್ಸ್ 140-1 ಮಾನದಂಡದ ನಾಲ್ಕನೆಯ, ಅಂದರೆ ಅತ್ಯುನ್ನತ, ದರ್ಜೆಯನ್ನು ಪಡೆದ ಮೊದಲ ಸಾಧನವಾಯಿತು. ಒಳಗಿನ ಚಿಪ್‌ಗಳನ್ನು ಸೂಕ್ಷ್ಮ ತಂತಿಜಾಲ ಸುತ್ತುವರಿದಿತ್ತು. ಕೊರೆದರೆ, ಶೈತ್ಯಕ್ಕಿಟ್ಟರೆ, ವಿಕಿರಣಕ್ಕೊಡ್ಡಿದರೆ, ವೋಲ್ಟೇಜ್ ಏರುಪೇರು ಮಾಡಿದರೆ ಬ್ಯಾಟರಿಯ ಆಸರೆಯಲ್ಲಿದ್ದ ಕೀಲಿಗಳು ತಕ್ಷಣ ಅಳಿಸಿಹೋಗುತ್ತಿದ್ದವು. ಯಂತ್ರವನ್ನು ಕೈಯಲ್ಲಿ ಹಿಡಿದವನೇ ಶತ್ರು ಎಂದುಕೊಂಡು ಅದನ್ನು ಕಟ್ಟಲಾಗಿತ್ತು. 2001ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕ್ ಬಾಂಡ್ ಮತ್ತು ರಿಚರ್ಡ್ ಕ್ಲೇಟನ್ ಅದರಿಂದ ಬ್ಯಾಂಕ್ ಕೀಲಿಗಳನ್ನು ಹೊರತೆಗೆದರಾದರೂ ತಂತಿಜಾಲವನ್ನು ಮುಟ್ಟಲಿಲ್ಲ. ಬ್ಯಾಂಕುಗಳಿಗಾಗಿ ಅದರಲ್ಲಿ ಹಾಕಿದ್ದ ತಂತ್ರಾಂಶವು ಒಪ್ಪಿಕೊಳ್ಳುತ್ತಿದ್ದ ಆಜ್ಞೆಗಳ ಜೋಡಣೆಯಲ್ಲೇ ದೋಷವಿತ್ತು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಬಾಗಿಲಲ್ಲಿ ಕೇಳುವ ಪ್ರಶ್ನೆ ಸರಿಯಿಲ್ಲದಿದ್ದರೆ ಕಾವಲು ವ್ಯರ್ಥ ಎಂಬುದು ಅಲ್ಲಿಗೇ ಸ್ಪಷ್ಟವಾಗಿತ್ತು.

ಇಷ್ಟರಲ್ಲಿ ಸಾಮಾನ್ಯ ಕಂಪ್ಯೂಟರಿನ ಸರದಿ ಬಂದಿತ್ತು. 1999ರಲ್ಲಿ ಕಾಂಪ್ಯಾಕ್, ಎಚ್‌ಪಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಕಟ್ಟಿದ ಒಕ್ಕೂಟ, 2003ರಲ್ಲಿ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಆಗಿ ಮರುರೂಪ ಪಡೆಯಿತು. ಅದರ ಫಲ ಟಿಪಿಎಂ ಎಂಬ ಅಗ್ಗದ ಚಿಪ್. ಕಂಪ್ಯೂಟರ್ ಚಾಲೂ ಆಗುವಾಗ ಪ್ರತಿ ಹಂತದ ತಂತ್ರಾಂಶದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಅದರಲ್ಲಿ ದಾಖಲಾಗುತ್ತದೆ. ಹಳೆಯ ದಾಖಲೆಯ ಮೇಲೆ ಹೊಸದನ್ನು ಬೆರೆಸಬಹುದೇ ಹೊರತು ಬೇಕಾದ ಮೌಲ್ಯವನ್ನು ನೇರವಾಗಿ ಬರೆಯಲಾಗದು. ದೂರದಲ್ಲಿರುವವರು ಒಂದು ಯಾದೃಚ್ಛಿಕ ಸಂಖ್ಯೆ ಕಳಿಸಿ ಕೇಳಿದರೆ, ಚಿಪ್ ಆ ಸಂಖ್ಯೆಯನ್ನೂ ದಾಖಲೆಯನ್ನೂ ಸೇರಿಸಿ ತನ್ನ ಕೀಲಿಯಿಂದ ಸಹಿ ಹಾಕಿ ಕೊಡುತ್ತದೆ. ಈ ಕ್ರಿಯೆಗೆ ಅಟೆಸ್ಟೇಶನ್ ಎಂದು ಹೆಸರು. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಮೊಹರು ಹಾಕಿಸುವ ಪದ್ಧತಿಯನ್ನು ಇದು ಹೋಲುತ್ತದೆ: ನಂಬಿಕೆ ನಿಂತಿರುವುದು ಮೊಹರು ಹಾಕಿದವರ ಮೇಲೆ. ಚಿಪ್‌ನ ಕೀಲಿ ಅಸಲಿ ಎಂದು ಪ್ರಮಾಣಪತ್ರ ಕೊಡುವುದು ಅದರ ತಯಾರಕ ಕಂಪನಿ. ಹೀಗಾಗಿ ಎಲ್ಲ ನಂಬಿಕೆಯ ಬೇರು ಕೆಲವೇ ಕಂಪನಿಗಳಿಗೆ ಹೋಗಿ ಸೇರುತ್ತದೆ. ಕಂಪ್ಯೂಟರ್ ಕೊಂಡವನ ಮಾತು ಮೀರಿ ಕಂಪನಿಗಳ ಮಾತು ಕೇಳುವ ಯಂತ್ರ ಇದು ಎಂದು ಭದ್ರತಾ ತಜ್ಞ ರಾಸ್ ಆಂಡರ್ಸನ್, ಮುಕ್ತ ತಂತ್ರಾಂಶದ ಪ್ರತಿಪಾದಕ ರಿಚರ್ಡ್ ಸ್ಟಾಲ್ಮನ್ ಮೊದಲಾದವರು ಆಗಲೇ ಕಟುವಾಗಿ ಆಕ್ಷೇಪಿಸಿದ್ದರು. ಆ ಆಕ್ಷೇಪಕ್ಕೆ ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಬೇರೆ ಚಿಪ್ ಇಲ್ಲದೆ ಪ್ರೊಸೆಸರ್‌ನೊಳಗೇ ರಹಸ್ಯ ಕೋಣೆ ಕಟ್ಟುವ ಎಸ್‌ಜಿಎಕ್ಸ್ ತಂತ್ರವನ್ನು ಇಂಟೆಲ್ 2013ರಲ್ಲಿ ವಿವರಿಸಿ, 2015ರಲ್ಲಿ ಮಾರುಕಟ್ಟೆಗೆ ತಂದಿತು. ಎನ್‌ಕ್ಲೇವ್ ಎನ್ನುವ ಈ ಕೋಣೆಯೊಳಗಿನ ಮಾಹಿತಿ ಆಪರೇಟಿಂಗ್ ಸಿಸ್ಟಂಗೂ ಕಾಣದು. ಮೆಮೊರಿಗೆ ಹೋಗುವಾಗ ಅದು ಗೂಢಲಿಪಿಯಲ್ಲಿರುತ್ತದೆ. ಬ್ಲಾಕ್‌ಚೈನ್ ಕಟ್ಟುವವರನ್ನು ಸೆಳೆದದ್ದು ಈ ಗುಣವೇ. 2009ರಲ್ಲಿ ಬಿಟ್‌ಕಾಯಿನ್ ಶುರುವಾದಂದಿನಿಂದ ಅದರ ದಾಖಲೆಯೆಲ್ಲ ಬಹಿರಂಗ. ಎಲ್ಲರೂ ಎಲ್ಲವನ್ನೂ ಪರಿಶೀಲಿಸುವುದೇ ಆ ವ್ಯವಸ್ಥೆಯ ಬಲ. ಗುಟ್ಟಿನ ಲೆಕ್ಕಕ್ಕೆ ಅಲ್ಲಿ ಜಾಗವಿಲ್ಲ, ಹೊರಜಗತ್ತಿನ ಸಂಗತಿಯನ್ನು ತಿಳಿಯುವ ದಾರಿಯೂ ಇಲ್ಲ. 2016ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಫ್ಯಾನ್ ಜಾಂಗ್, ಆರಿ ಜೂಲ್ಸ್ ಮತ್ತು ಸಂಗಡಿಗರು ಟೌನ್ ಕ್ರೈಯರ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ವೆಬ್‌ಸೈಟಿನಿಂದ ತಂದ ಮಾಹಿತಿ ದಾರಿಯಲ್ಲಿ ಬದಲಾಗಿಲ್ಲ ಎಂದು ಎನ್‌ಕ್ಲೇವ್ ಸಾಕ್ಷಿ ಹೇಳಿ, ಅದನ್ನು ಬ್ಲಾಕ್‌ಚೈನ್ ಮೇಲೆ ತಾನಾಗಿ ಓಡುವ ಕರಾರಿನ ತಂತ್ರಾಂಶಕ್ಕೆ, ಅಂದರೆ ಸ್ಮಾರ್ಟ್ ಕಾಂಟ್ರಾಕ್ಟ್‌ಗೆ, ಒಪ್ಪಿಸುತ್ತಿತ್ತು. ಮುಂದೆ ಇಡೀ ವ್ಯವಹಾರವನ್ನೇ ಎನ್‌ಕ್ಲೇವ್‌ನೊಳಗೆ ನಡೆಸುವ ಜಾಲಗಳು ಬಂದವು.

ಆದರೆ ನಂಬಿಕೆ ಬೇಗ ಅಲುಗಾಡಿತು. 2018ರ ಆಗಸ್ಟ್‌ನಲ್ಲಿ ಬಹಿರಂಗವಾದ ಫೋರ್‌ಶ್ಯಾಡೋ ದಾಳಿ ಪ್ರೊಸೆಸರ್‌ನ ಊಹಾತ್ಮಕ ಲೆಕ್ಕಾಚಾರದ ದೋಷವನ್ನು ಬಳಸಿ ಅಟೆಸ್ಟೇಶನ್ ಕೀಲಿಯನ್ನೇ ಹೊರತೆಗೆಯಿತು. ಕೀಲಿ ಸಿಕ್ಕಿತೆಂದರೆ, ಇಲ್ಲದ ಎನ್‌ಕ್ಲೇವ್ ಇದೆ ಎಂದು ಸುಳ್ಳು ಮೊಹರು ಹಾಕಬಹುದು. 2022ರಲ್ಲಿ ಸೀಕ್ರೆಟ್ ನೆಟ್‌ವರ್ಕ್ ಎಂಬ ಬ್ಲಾಕ್‌ಚೈನ್‌ನ ಮೂಲ ಕೀಲಿ ಸಂಶೋಧಕರ ಕೈಗೆ ಬಂತು. ಜಾಲದ ಎಲ್ಲ ಖಾಸಗಿ ವ್ಯವಹಾರಗಳನ್ನು, ಹಳೆಯವನ್ನೂ ಸೇರಿಸಿ, ಬಿಚ್ಚಿ ಓದಲು ಅದೊಂದೇ ಸಾಕಿತ್ತು. ಅದನ್ನು ಪಡೆಯಲು ಅವರಿಗೆ ಬೇಕಾದದ್ದು ದೋಷವಿದ್ದ ಒಂದು ಪ್ರೊಸೆಸರ್ ಮತ್ತು ಯಾರು ಬೇಕಾದರೂ ಸೇರಬಹುದಾದ ಆ ಜಾಲದಲ್ಲಿ ಒಂದು ಸ್ಥಾನ.

ಇಲ್ಲಿ ಒಂದು ತಾಂತ್ರಿಕ ತಿರುವನ್ನು ವಿವರವಾಗಿ ನೋಡಬೇಕು. ಮುಂದೆ ಹೇಳುವ ಬಿರುಕುಗಳು ಅಲ್ಲಿಂದಲೇ ಹೊರಟವು. ಮೊದಲ ಎಸ್‌ಜಿಎಕ್ಸ್‌ನಲ್ಲಿ ರಕ್ಷಿತ ಮೆಮೊರಿ ಇದ್ದದ್ದು ಕೇವಲ 128 ಎಂಬಿ. ಆದರೆ ಅದನ್ನು ಯಾರಾದರೂ ಹೊರಗಿನಿಂದ ಬದಲಿಸಿದರೆ, ಹಳೆಯದನ್ನು ಮತ್ತೆ ತುಂಬಿದರೆ ಪತ್ತೆ ಹಚ್ಚುವ ಲೆಕ್ಕದ ಸರಣಿ ಜೊತೆಗಿತ್ತು. 2021ರ ಸರ್ವರ್ ಪ್ರೊಸೆಸರ್‌ಗಳಲ್ಲಿ ರಕ್ಷಿತ ಮೆಮೊರಿಯನ್ನು ನೂರಾರು ಜಿಬಿಗೆ ಹಿಗ್ಗಿಸುವಾಗ ಈ ಸರಣಿಯನ್ನು ಕೈಬಿಡಲಾಯಿತು. ಒಂದೇ ವಿಳಾಸಕ್ಕೆ ಒಂದೇ ಮಾಹಿತಿ ಬರೆದರೆ ಪ್ರತಿಸಲವೂ ಒಂದೇ ಗೂಢಲಿಪಿ ಹುಟ್ಟುವ ವಿಧಾನ ಬಂತು. ಡೇಟಾ ಸೆಂಟರ್‌ನಲ್ಲಿ ಬೀಗ, ಕಾವಲು ಇರುತ್ತದೆ, ಯಂತ್ರ ಬಿಚ್ಚಿ ತಂತಿ ಜೋಡಿಸುವವರು ಇರುವುದಿಲ್ಲ ಎಂಬುದು ಇದರ ಹಿಂದಿನ ಗ್ರಹಿಕೆ. ಕ್ಲೌಡ್ ಸೇವೆಗೆ ಅದು ಒಪ್ಪುವ ಮಾತು. ಹೆಸರು ಗೊತ್ತಿಲ್ಲದ ಯಾರೋ ತಮ್ಮ ಮನೆಯ ಯಂತ್ರವನ್ನೇ ಸೇರಿಸಬಹುದಾದ ಬ್ಲಾಕ್‌ಚೈನ್ ಜಾಲಕ್ಕೆ ಅದು ಎಳ್ಳಷ್ಟೂ ಒಪ್ಪುವುದಿಲ್ಲ. ಐಬಿಎಂ 4758 ಯಾರನ್ನು ಶತ್ರುವೆಂದು ಎಣಿಸಿತ್ತೋ ಅವನ ಕೈಗೇ ತಂತಿಜಾಲವಿಲ್ಲದ ಯಂತ್ರ ಸೇರಿತು.

2025ರ ಅಕ್ಟೋಬರ್‌ನಲ್ಲಿ ಇದರ ಪರಿಣಾಮ ಬಯಲಾಯಿತು. ವೈರ್‌ಟ್ಯಾಪ್ ದಾಳಿಯಲ್ಲಿ ಸಂಶೋಧಕರು ಡಿಡಿಆರ್4 ಮೆಮೊರಿಗೂ ಪ್ರೊಸೆಸರ್‌ಗೂ ನಡುವೆ ಒಂದು ಫಲಕ ಸೇರಿಸಿ, ಮರುಕಳಿಸುವ ಗೂಢಲಿಪಿಯನ್ನು ಗಮನಿಸಿಯೇ ಎಸ್‌ಜಿಎಕ್ಸ್‌ನ ಅಟೆಸ್ಟೇಶನ್ ಕೀಲಿ ಪಡೆದರು. ಅದೇ ತಿಂಗಳು ಬಂದ ಟಿಇಇ.ಫೇಲ್ ಇದನ್ನು ಡಿಡಿಆರ್5ಕ್ಕೂ, ಇಂಥದೇ ರಕ್ಷಣೆ ಕೊಡುವ ಇಂಟೆಲ್‌ನ ಟಿಡಿಎಕ್ಸ್ ಮತ್ತು ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿ ತಂತ್ರಗಳಿಗೂ ವಿಸ್ತರಿಸಿತು. ಉಪಕರಣಗಳ ವೆಚ್ಚ 1,000 ಡಾಲರ್‌ಗಿಂತ ಕಡಿಮೆ. ಯಂತ್ರವನ್ನು ಕೈಯಲ್ಲಿ ಹಿಡಿದು ನಡೆಸುವ ದಾಳಿ ತಮ್ಮ ರಕ್ಷಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ತಯಾರಕರ ನಿಲುವು. ದಾಖಲೆಯ ದೃಷ್ಟಿಯಿಂದ ಅದು ಸರಿ; ಆದರೆ ಆ ಷರತ್ತನ್ನು ಅರಿಯದೆ ಹಣ ಹೂಡಿದ ಬಳಕೆದಾರರಿಗೆ ಅದರಿಂದ ಸಮಾಧಾನವಿಲ್ಲ.

ಎಐ ಏಜೆಂಟ್‌ಗಳು ಈ ಚರಿತ್ರೆಗೆ ಸೇರಿದ್ದು ತೀರ ಈಚೆಗೆ. ಸ್ವತಃ ನಿರ್ಧರಿಸಿ ಹಣ ಸಾಗಿಸುವ ಏಜೆಂಟ್ ಎಂದು ಹೇಳಿಕೊಂಡರೆ, ಹಿಂದೆ ಕೂತು ಗುಂಡಿ ಒತ್ತುವ ಮನುಷ್ಯ ಇಲ್ಲವೆನ್ನಲು ಪುರಾವೆ ಬೇಕು. 2024ರ ಅಕ್ಟೋಬರ್‌ನಲ್ಲಿ ಎಐ ಸಂಸ್ಥೆ ನೌಸ್ ರಿಸರ್ಚ್ ಮತ್ತು ಬ್ಲಾಕ್‌ಚೈನ್ ಸಂಶೋಧನಾ ಸಂಸ್ಥೆ ಫ್ಲ್ಯಾಶ್‌ಬಾಟ್ಸ್ ಒಂದು ಪ್ರಯೋಗ ಮಾಡಿದವು. ಏಜೆಂಟ್‌ನ ಎಕ್ಸ್ ಖಾತೆಯ ಪಾಸ್‌ವರ್ಡನ್ನು ರಕ್ಷಿತ ಕೋಣೆಯೊಳಗೇ ಬದಲಿಸಿ, ನಿಗದಿತ ಅವಧಿಯವರೆಗೆ ಕಟ್ಟಿದವರಿಗೂ ಅದು ಸಿಗದಂತೆ ಮಾಡಿದವು. 2022ರಲ್ಲಿ ಘೋಷಣೆಯಾದ ಎನ್ವಿಡಿಯಾದ ಎಚ್100 ಗ್ರಾಫಿಕ್ಸ್ ಪ್ರೊಸೆಸರ್ ಇದೇ ರಕ್ಷಣೆಯನ್ನು ಎಐ ಮಾದರಿಯ ಲೆಕ್ಕಾಚಾರಕ್ಕೂ ಒದಗಿಸಿತ್ತು. 2025ರ ಆಗಸ್ಟ್‌ನಲ್ಲಿ ಇಥೀರಿಯಂ ಬ್ಲಾಕ್‌ಚೈನ್‌ನ ವಲಯದಲ್ಲಿ ಮಂಡನೆಯಾದ ಇಆರ್‌ಸಿ-8004 ಕರಡು, ಏಜೆಂಟ್‌ಗಳ ಕೆಲಸವನ್ನು ಒರೆಗೆ ಹಚ್ಚುವ ವಿಧಾನಗಳಲ್ಲಿ ಯಂತ್ರದ ಅಟೆಸ್ಟೇಶನ್ನನ್ನೂ ಎಣಿಸಿತು.

ಆದರೆ ಇಲ್ಲಿ ಮೊಹರಿನ ಅರ್ಥ ಕಿರಿದು. ಇಂಥ ತಂತ್ರಾಂಶ, ಇಂಥ ಮಾದರಿ, ಇಂಥ ಯಂತ್ರದಲ್ಲಿ ಓಡಿತು ಎಂದಷ್ಟೇ ಅದು ಹೇಳಬಲ್ಲದು. ಏಜೆಂಟ್ ಓದಿದ ಯಾವುದೋ ಪುಟದಲ್ಲಿ ಅಡಗಿದ್ದ ಆಜ್ಞೆಗೆ ಮರುಳಾಗಿ ಹಣವನ್ನು ಕಳ್ಳನ ಖಾತೆಗೆ ಕಳಿಸಿದರೂ ಅಟೆಸ್ಟೇಶನ್ ಸರಿಯಾಗಿಯೇ ಇರುತ್ತದೆ. 4758ರಲ್ಲಿ ಕೇಂಬ್ರಿಜ್ ಜೋಡಿ ಕಂಡದ್ದು ಇದೇ ಜಾತಿಯ ದೋಷ. ಅಲ್ಲಿ ಆಜ್ಞೆಗಳ ಪಟ್ಟಿಯಾದರೂ ಸೀಮಿತವಾಗಿತ್ತು. ಏಜೆಂಟ್‌ನ ಮುಂದೆ ಬರುವ ಮಾತಿಗೆ ಎಲ್ಲೆಯೇ ಇಲ್ಲ. ಆದ್ದರಿಂದ ಎಚ್ಚರವುಳ್ಳವರು ಖರ್ಚಿನ ಮಿತಿಯನ್ನು ಏಜೆಂಟ್‌ನ ವಿವೇಚನೆಗೆ ಬಿಡದೆ ಸ್ಮಾರ್ಟ್ ಕಾಂಟ್ರಾಕ್ಟ್‌ನಲ್ಲೇ ಬರೆದಿಡುತ್ತಾರೆ. ದೊಡ್ಡ ಮೊತ್ತದ ಕೀಲಿಯನ್ನು ಬೇರೆ ಬೇರೆ ತಯಾರಕರ ಯಂತ್ರಗಳಿಗೆ ಹಂಚುವುದು, ಯಂತ್ರ ಗುರುತುಳ್ಳ ಡೇಟಾ ಸೆಂಟರ್‌ನಲ್ಲೇ ಇದೆಯೆಂದು ಪ್ರತ್ಯೇಕವಾಗಿ ಖಾತ್ರಿಪಡಿಸಿಕೊಳ್ಳುವುದು, ಸಾಧ್ಯವಿದ್ದಲ್ಲಿ ಚಿಪ್‌ನ ಸಾಕ್ಷ್ಯದ ಜೊತೆಗೆ ಗಣಿತದ ಪುರಾವೆಯನ್ನೂ ಕೇಳುವುದು ಈಗ ಬಳಕೆಗೆ ಬರುತ್ತಿರುವ ಉಳಿದ ಕ್ರಮಗಳು.