ಶಾಖಕ್ಕೆ ಬಣ್ಣ ಬದಲಿಸುವ ಬೈಕ್ ಪೇಂಟ್: ಪೋಷಕರು ಮತ್ತು ಮಕ್ಕಳು ತಿಳಿಯಬೇಕಾದುದು

ರೊಳ್ಳ: ಕಪ್ಪು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಒತ್ತಿ ತೆಗೆದರೆ ಕೆಂಪು ಹಸ್ತದ ಗುರುತು ಮೂಡುತ್ತದೆ; ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮಾಯವಾಗುತ್ತದೆ. ಇಂತಹ ಬೈಕುಗಳನ್ನು ಮೊಬೈಲಿನಲ್ಲಿ ಕಂಡ ಮಕ್ಕಳು ಇದು ನಿಜವೋ ಮೋಸವೋ ಎಂದು ನಮ್ಮನ್ನು ಕೇಳುತ್ತಾರೆ. ಶಾಲೆ ಮುಗಿಸಿದ ಹುಡುಗರು ತಮ್ಮ ಬೈಕಿಗೂ ಅದೇ ಬಣ್ಣ ಬೇಕೆಂದು ಮನೆಯಲ್ಲಿ ಹಟ ಹಿಡಿಯುವುದೂ ಉಂಟು. ಎರಡಕ್ಕೂ ಉತ್ತರ ಒಂದೇ ರಸಾಯನದಲ್ಲಿದೆ. ಅದನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಹೆಸರು

ಮಾರುಕಟ್ಟೆಯಲ್ಲಿ ಇದಕ್ಕೆ ಥರ್ಮೋಕ್ರೋಮಿಕ್ ಪೇಂಟ್ ಎನ್ನುತ್ತಾರೆ. ಕನ್ನಡದಲ್ಲಿ ನಾವು ಉಷ್ಣವರ್ಣಿ ಬಣ್ಣ ಎನ್ನಬಹುದು. ಉಷ್ಣತೆ ಬದಲಾದಂತೆ ವಸ್ತುವಿನ ಬಣ್ಣವೂ ಬದಲಾಗುವುದೇ ಇದರ ಗುಣ.

ಬಣ್ಣ ಬದಲಾಗುವ ಬಗೆ

ಈ ಪೇಂಟಿನಲ್ಲಿ ಕೆಲವೇ ಮೈಕ್ರಾನ್ ಗಾತ್ರದ ಸೂಕ್ಷ್ಮ ಕೋಶಗಳಿರುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ 1000ನೇ ಒಂದು ಭಾಗ. ಪ್ರತಿ ಕೋಶದಲ್ಲಿ ಮೂರು ವಸ್ತುಗಳು ಇರುತ್ತವೆ: ಲ್ಯೂಕೊ ವರ್ಣಕ, ಒಂದು ದುರ್ಬಲ ಆಮ್ಲ ಹಾಗೂ ಮೇಣದಂತಹ ದ್ರಾವಕ. ಅರಿಶಿನದ ಕಲೆಗೆ ಸೋಪು ತಗುಲಿದರೆ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸೋಪಿನ ಪ್ರತ್ಯಾಮ್ಲವೇ ಅದಕ್ಕೆ ಕಾರಣ. ಲ್ಯೂಕೊ ವರ್ಣಕ ಇದೇ ಜಾತಿಯದು. ಒಂಟಿಯಾಗಿದ್ದಾಗ ಬಣ್ಣವಿಲ್ಲ, ಆಮ್ಲದ ಸಂಗ ದೊರೆತರೆ ಬಣ್ಣ ತಳೆಯುತ್ತದೆ.

ತಂಪಿನಲ್ಲಿ ದ್ರಾವಕ ಗಟ್ಟಿಯಾಗಿರುತ್ತದೆ. ವರ್ಣಕವೂ ಆಮ್ಲವೂ ಒಟ್ಟಿಗಿದ್ದು ಬಣ್ಣ ಕಾಣುತ್ತದೆ. ನಿಗದಿತ ಉಷ್ಣತೆಯಲ್ಲಿ ದ್ರಾವಕ ಕರಗಿ ಆಮ್ಲವನ್ನು ವರ್ಣಕದಿಂದ ಬೇರ್ಪಡಿಸುತ್ತದೆ. ಬಣ್ಣ ಅಳಿದು ಅಡಿಯಲ್ಲಿರುವ ಸಾಮಾನ್ಯ ಬಣ್ಣ ಹೊರಬೀಳುತ್ತದೆ. ತಣಿದರೆ ಮತ್ತೆ ಮೊದಲಿನಂತೆ. ಹಳದಿಯ ಜೊತೆ ಉಷ್ಣವರ್ಣಿ ನೀಲಿಯನ್ನು ಬೆರೆಸಿದರೆ ತಂಪಿನಲ್ಲಿ ಹಸಿರು, ಬಿಸಿಯಲ್ಲಿ ಹಳದಿ.

ಎರಡನೆಯ ಬಗೆ ದ್ರವ ಸ್ಫಟಿಕದ್ದು. ಸುರುಳಿಯಾಗಿ ಜೋಡಣೆಗೊಂಡ ಇದರ ಅಣುಗಳು ಉಷ್ಣತೆಗೆ ತಕ್ಕಂತೆ ಬೇರೆ ಬೇರೆ ಬಣ್ಣದ ಬೆಳಕನ್ನು ಪ್ರತಿಫಲಿಸುತ್ತವೆ. ಜ್ವರ ನೋಡಲು ಹಣೆಗೆ ಅಂಟಿಸುವ ಪಟ್ಟಿ ಇದಕ್ಕೆ ಉದಾಹರಣೆ. ದ್ರವ ಸ್ಫಟಿಕಗಳ ಅಧ್ಯಯನಕ್ಕೂ ಕನ್ನಡ ನಾಡಿಗೂ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ತಟ್ಟೆಯಾಕಾರದ ಅಣುಗಳ ಹೊಸ ಬಗೆಯ ದ್ರವ ಸ್ಫಟಿಕವನ್ನು ಕಂಡುಹಿಡಿದರು.

ಮರಳದ ಬದಲಾವಣೆ

ಕೆಲವು ಬದಲಾವಣೆಗಳು ಹಿಂದಿರುಗುವುದಿಲ್ಲ. 1996ರಿಂದ ಪೋಲಿಯೊ ಲಸಿಕೆಯ ಬಾಟಲಿಗಳ ಮೇಲೆ ಬಂದಿರುವ ಗುರುತು ಅಂಥದು. ಲಸಿಕೆಗೆ ಶಾಖ ತಗುಲಿದಷ್ಟೂ ವೃತ್ತದೊಳಗಿನ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಲಸಿಕೆಯನ್ನು ಬಳಸಬಾರದು. ಬೈಕಿನ ಸೈಲೆನ್ಸರ್ ಕೊಳವೆ ನೀಲಿಯಾಗುವುದು ಪೇಂಟಿನಿಂದಲ್ಲ; ಕಾದ ಲೋಹದ ಮೇಲೆ ಬೆಳೆಯುವ ತೆಳುವಾದ ಆಕ್ಸೈಡ್ ಪದರದಿಂದ.

ಬೈಕಿಗೆ ಬಳಿಯುವ ಕ್ರಮ

ಮೊದಲು ಪ್ರೈಮರ್, ಅದರ ಮೇಲೆ ಸಾಮಾನ್ಯ ಬಣ್ಣ, ಬಳಿಕ ಉಷ್ಣವರ್ಣಿ ಪದರ, ಕೊನೆಗೆ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್. ಟ್ಯಾಂಕು, ಮಡ್‌ಗಾರ್ಡುಗಳಿಗೆ ಇದು ಸರಿ. ಇಂಜಿನ್ ಮತ್ತು ಸೈಲೆನ್ಸರಿನ ತೀವ್ರ ಶಾಖವನ್ನು ಈ ಕೋಶಗಳು ತಾಳಲಾರವು.

ನಮ್ಮ ಬಿಸಿಲಿನಲ್ಲಿ ಏನಾಗುತ್ತದೆ

ಮಾರುಕಟ್ಟೆಯ ಬಹಳಷ್ಟು ಉಷ್ಣವರ್ಣಿ ಪುಡಿಗಳು ಸುಮಾರು 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬದಲಾಗುವಂಥವು. ಅಂಗೈ ಅದಕ್ಕಿಂತ ತುಸು ಬೆಚ್ಚಗಿರುವುದರಿಂದಲೇ ಗುರುತು ಮೂಡುವುದು. ಆದರೆ ನಮ್ಮ ಬೇಸಿಗೆಯಲ್ಲಿ ಗಾಳಿಯೇ ಅದನ್ನು ಮೀರಿ ಕಾದಿರುತ್ತದೆ; ಬಿಸಿಲಲ್ಲಿ ನಿಂತ ಟ್ಯಾಂಕನ್ನು ಮುಟ್ಟಲಾಗದು. ಆಗ ಬಣ್ಣ ಬೆಳಗ್ಗೆಯೇ ಬದಲಾಗಿ ಸಂಜೆಯವರೆಗೂ ಹಾಗೆಯೇ ನಿಲ್ಲುತ್ತದೆ. ಹಸ್ತದ ಆಟವೂ ನಡೆಯದು. ಅದಕ್ಕಿಂತ ದೊಡ್ಡ ಶತ್ರು ಸೂರ್ಯನ ನೇರಳಾತೀತ ಕಿರಣ. ಅದು ವರ್ಣಕವನ್ನೇ ಕೆಡಿಸುತ್ತದೆ. ಕ್ಲಿಯರ್ ಕೋಟ್ ಕೇಡನ್ನು ನಿಧಾನಗೊಳಿಸಬಲ್ಲದು, ನಿಲ್ಲಿಸಲಾರದು. ದಿನವಿಡೀ ಹೊಲದ ಬದುವಿನಲ್ಲಿ ನಿಲ್ಲುವ ಬೈಕಿಗೆ ಸಾಲ ಮಾಡಿ ಈ ಬಣ್ಣ ಬಳಿಸುವುದು ತರವಲ್ಲವೆಂದೇ ನಮ್ಮ ಅಭಿಪ್ರಾಯ.

ಕಾನೂನು ಮತ್ತು ಆರೋಗ್ಯ

ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ವಾಹನದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಯಂತ್ರಿಸುತ್ತದೆ. ಬಣ್ಣ ಬಳಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಪೇಂಟಿಂಗ್ ಕಸುಬಿಗೆ ಹೋಗುವ ಹುಡುಗರು ಇನ್ನೊಂದನ್ನು ಮರೆಯಬಾರದು: ಗಟ್ಟಿಕಾರಕ ಬೆರೆಸುವ ಅನೇಕ ಕ್ಲಿಯರ್ ಕೋಟ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ತಕ್ಕ ಉಸಿರು ರಕ್ಷಕವೂ ಗಾಳಿಯಾಡುವ ಜಾಗವೂ ಬೇಕು.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ಕಲಿಯಲು ದುಬಾರಿ ಬೈಕು ಬೇಕಿಲ್ಲ. ಮಡಕಶಿರಾದ ಬಸ್ಸಿನಲ್ಲಿ ಕಂಡಕ್ಟರ್ ಯಂತ್ರದಿಂದ ಹರಿದುಕೊಡುವ ಟಿಕೆಟ್ ಸಾಕು. ಅದರ ನುಣುಪು ಮುಖವನ್ನು ಉಗುರಿನಿಂದ ಬಿರುಸಾಗಿ ಗೀರಿದರೆ ಕಪ್ಪು ಗೆರೆ ಮೂಡುತ್ತದೆ. ಟಿಕೆಟ್ಟಿನಲ್ಲಿಯೂ ಲ್ಯೂಕೊ ವರ್ಣಕ ಮತ್ತು ಆಮ್ಲವಿದೆ. ಇಲ್ಲಿ ಶಾಖ ಅವೆರಡನ್ನೂ ಕೂಡಿಸುತ್ತದೆ, ಪೇಂಟಿನಲ್ಲಿ ಅಗಲಿಸುತ್ತದೆ. ಪ್ರಯೋಗದ ನಂತರ ಮಕ್ಕಳು ಕೈ ತೊಳೆಯಲಿ.

ಕನ್ನಡದಲ್ಲಿ ಓದಿದರೆ ಹೊಸ ವಿಜ್ಞಾನ ದಕ್ಕದು ಎಂಬ ಮಾತು ನಮ್ಮ ಗಡಿಭಾಗದ ಪೋಷಕರ ಕಿವಿಗೆ ಆಗಾಗ ಬೀಳುತ್ತದೆ. ಆಮ್ಲ, ಪ್ರತ್ಯಾಮ್ಲ, ದ್ರಾವಕ: ಈ ಮೂರು ಪಾಠದ ಮಾತುಗಳನ್ನು ಬಲ್ಲ ಮಗು ಆ ಬೈಕಿನ ಗುಟ್ಟನ್ನು ಮನೆಯವರಿಗೆ ತಾನೇ ಬಿಡಿಸಿ ಹೇಳಬಲ್ಲದು. ಈ ಸಂಜೆ ಒಂದು ಹಳೆಯ ಟಿಕೆಟ್ ಕೊಟ್ಟು ಕೇಳಿ ನೋಡಿ.